ಲಿನೇಯಸ್‌ಗೂ ಮೊದಲು ಗಿಡಗಳನ್ನು ಜೋಡಿಸಿದ್ದು ಹೇಗೆ? ಜಾನ್ ರೇ ವಿಧಾನ, ತರಗತಿಯಲ್ಲಿ ಅದರ ಪ್ರಯೋಗ

ಪ್ರಶ್ನೆ: ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸಸ್ಯ ವರ್ಗೀಕರಣ ಎಂದರೆ 18ನೆಯ ಶತಮಾನದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೆಸರೇ ಮೊದಲು ಬರುತ್ತದೆ. ಅವನಿಗಿಂತ ಹಿಂದಿನ ಜಾನ್ ರೇ ಬಗ್ಗೆ ‘ಗಿಡಗಳನ್ನು ಏಕದಳ (ಬೀಜದೊಳಗಿನ ಮೊದಲ ಎಲೆ, ಅಂದರೆ ಬೀಜದೆಲೆ, ಒಂದೇ ಇರುವವು), ದ್ವಿದಳ (ಎರಡಿರುವವು) ಎಂದು ವಿಂಗಡಿಸಿದವನು’ ಎಂಬ ಒಂದು ಸಾಲು ಸಿಗುತ್ತದೆ, ಅಷ್ಟೇ. ಅವನ ಪ್ರಭಾವ ಅಷ್ಟಕ್ಕೇ ನಿಂತಿತೇ? ಅವನು ಹೇಗೆ ಯೋಚಿಸಿದ ಎಂಬುದನ್ನು ಮಕ್ಕಳಿಗೆ ಗಿಡ ಹಿಡಿದೇ ತೋರಿಸಬಹುದೇ?

ಉತ್ತರ: ಆ ಸಾಲು ಸುಳ್ಳಲ್ಲ, ಆದರೆ ರೇ ಮಾಡಿದ ಕೆಲಸದ ಕೊನೆಯ ಫಲವನ್ನು ಮಾತ್ರ ಹೇಳುತ್ತದೆ. ಜೋಳ ಒಂಟಿ ಸುಳಿಯಾಗಿ ಏಳುತ್ತದೆ, ಅವರೆ ಎರಡು ಹೋಳಾಗಿ ಏಳುತ್ತದೆ ಎಂಬುದು ಹೊಲದಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿ. ರೇ ಕಾಲದಲ್ಲೇ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಬೀಜ ಮೊಳೆಯುವುದನ್ನು ಹಂತಹಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿದ್ದ. ರೇ ಹಿಡಿದ ಪ್ರಶ್ನೆಯೇ ಬೇರೆ. ಒಂದು ಗಿಡದಲ್ಲಿ ನೂರು ಲಕ್ಷಣ ಕಾಣುತ್ತವೆ. ಅವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು, ಹಾಗೆಂದು ತೀರ್ಮಾನಿಸುವುದು ಹೇಗೆ? ಈ ಪ್ರಶ್ನೆಯನ್ನು ಸುಮಾರು 40 ವರ್ಷ ಬಿಡದೆ ಹಿಂಬಾಲಿಸಿದ್ದರಿಂದಲೇ ಅವನ ಹೆಸರು ಉಳಿದಿದೆ. ನಿಮ್ಮ ಮಕ್ಕಳಿಗೆ ತಲುಪಬೇಕಾದದ್ದೂ ಇದೇ ಪ್ರಶ್ನೆ.

ಅವನ ಬದುಕಿನ ವಿವರ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1627ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಬ್ಲ್ಯಾಕ್ ನಾಟ್ಲಿ ಎಂಬ ಹಳ್ಳಿಯಲ್ಲಿ. ಅಪ್ಪ ಕಮ್ಮಾರ, ಅಮ್ಮ ಗಿಡಮೂಲಿಕೆ ಬಲ್ಲವಳು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ ಅಲ್ಲೇ ಗ್ರೀಕ್, ಗಣಿತ ಕಲಿಸಿದ. 1662ರಲ್ಲಿ ಸರ್ಕಾರ ಕೇಳಿದ ಧಾರ್ಮಿಕ ಪ್ರಮಾಣಕ್ಕೆ ಒಪ್ಪದೆ ಕಾಲೇಜಿನ ಹುದ್ದೆ ಕಳೆದುಕೊಂಡ. ಆಮೇಲೆ ಕೈಹಿಡಿದವನು ಶಿಷ್ಯನೂ ಗೆಳೆಯನೂ ಆದ ಫ್ರಾನ್ಸಿಸ್ ವಿಲ್ಲಬಿ. ಇಬ್ಬರೂ 1663ರಿಂದ ಯುರೋಪು ಸುತ್ತಿ ಗಿಡ, ಹಕ್ಕಿ, ಮೀನು ಕಲೆಹಾಕಿದರು. ವಿಲ್ಲಬಿ 1672ರಲ್ಲಿ ತೀರಿಕೊಂಡಾಗ ರೇ ಹೆಸರಿಗೆ ವರ್ಷಕ್ಕೆ 60 ಪೌಂಡ್ ಬರುವಂತೆ ಬರೆದಿಟ್ಟಿದ್ದ. ರೇ ಮುಂದಿನ ಕೆಲಸವೆಲ್ಲ ಬಹುಮಟ್ಟಿಗೆ ಆ ಹಣದ ಮೇಲೆ ನಡೆಯಿತು. 1679ರಿಂದ 1705ರಲ್ಲಿ ಸಾಯುವವರೆಗೂ ಅವನು ಹುಟ್ಟೂರಲ್ಲೇ ಇದ್ದ.

ಅವನು ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಪರಿಸ್ಥಿತಿ ಹೇಗಿತ್ತು? ಇಟಲಿಯ ಚೆಸಲ್ಪಿನೊ 1583ರಲ್ಲೇ ಹಣ್ಣು, ಬೀಜ ಆಧಾರವಾಗಿ ಗಿಡಗಳನ್ನು ಜೋಡಿಸಲು ನೋಡಿದ್ದ. ಸ್ವಿಟ್ಜರ್ಲೆಂಡಿನ ಗಾಸ್ಪಾರ್ ಬೌಹಿನ್ 1623ರಲ್ಲಿ ಸುಮಾರು 6,000 ಗಿಡಗಳ ಹೆಸರುಗಳನ್ನು, ಒಂದೇ ಗಿಡಕ್ಕೆ ಬೇರೆ ಬೇರೆಯವರು ಕೊಟ್ಟ ಹೆಸರುಗಳ ಸಮೇತ, ಒಂದೆಡೆ ತಂದಿದ್ದ. ಉಳಿದ ಹೆಚ್ಚಿನ ಪುಸ್ತಕಗಳು ವೈದ್ಯರಿಗಾಗಿ ಬರೆದವು. ಗಿಡಗಳನ್ನು ಅಕ್ಷರಮಾಲೆಯಂತೆಯೋ ಮದ್ದಿನ ಗುಣದಂತೆಯೋ ಇಟ್ಟಿದ್ದವು. ರೇ 1660ರಲ್ಲಿ ಹೊರತಂದ ಕೇಂಬ್ರಿಜ್ ಸುತ್ತಲಿನ ಗಿಡಗಳ ಪಟ್ಟಿ, 1670ರ ಇಂಗ್ಲೆಂಡಿನ ಗಿಡಗಳ ಪಟ್ಟಿ, ಎರಡೂ ಅಕ್ಷರಮಾಲೆಯ ಕ್ರಮದಲ್ಲೇ ಇವೆ. ಗಿಡ ಗುರುತಿಸುವುದರಲ್ಲಿ ಅವನು ಪಳಗಿದ್ದ, ಜೋಡಿಸುವ ದಾರಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆ ದಾರಿ ಕಂಡದ್ದು ಒಂದು ಸೋಲಿನಿಂದ. ಪಾಠಪುಸ್ತಕಗಳಲ್ಲಿ ಬಾರದ ಪ್ರಸಂಗ ಇದು, ನನ್ನ ಮಟ್ಟಿಗೆ ರೇ ಕಥೆಯ ಜೀವಾಳ. ಜಾನ್ ವಿಲ್ಕಿನ್ಸ್ ಎಂಬ ಪಾದ್ರಿ ಲೋಕದ ಎಲ್ಲ ವಸ್ತುಗಳಿಗೂ ಹೊಸದೊಂದು ತಾರ್ಕಿಕ ಭಾಷೆ ಕಟ್ಟುತ್ತಿದ್ದ. ಆ ಪುಸ್ತಕ 1668ರಲ್ಲಿ ಬಂತು. ಅದರ ಗಿಡಗಳ ಕೋಷ್ಟಕ ಮಾಡಿಕೊಡುವ ಕೆಲಸ ರೇ ಪಾಲಿಗೆ ಬಿತ್ತು. ವಿಲ್ಕಿನ್ಸ್ ಹಾಕಿದ ಷರತ್ತು ಹೀಗಿತ್ತು: ಮೂಲಿಕೆಗಳು (ಇಲ್ಲಿ ಮದ್ದಿನ ಗಿಡವಲ್ಲ, ಕಟ್ಟಿಗೆಯಾಗದ ಮೆತ್ತನೆ ಕಾಂಡದ ಗಿಡಗಳು) ಮೂರು ಸರಿಸಮ ಪಾಲಾಗಬೇಕು, ಪ್ರತಿ ಪಾಲಿನಲ್ಲಿ ಒಂಬತ್ತು ಗುಂಪು ಬರಬೇಕು, ಗುಂಪಿನೊಳಗೆ ಗಿಡಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಭಾಷೆಯ ಲೆಕ್ಕ ಸರಿಹೋಗಲು ಹೀಗೆ ಬೇಕಿತ್ತು, ಗಿಡಗಳು ಹಾಗಿರಲಿಲ್ಲ. ರೇ ಎಲೆ ನೋಡಿ ಒಂದು ಪಾಲು, ಹೂ ನೋಡಿ ಒಂದು ಪಾಲು, ಬೀಜಕೋಶ ನೋಡಿ ಇನ್ನೊಂದು ಪಾಲು ಮಾಡಿ ಹೇಗೋ ತುಂಬಿಸಿಕೊಟ್ಟ. ಮರುವರ್ಷ ಗೆಳೆಯ ಮಾರ್ಟಿನ್ ಲಿಸ್ಟರ್‌ಗೆ ಬರೆದ ಪತ್ರದಲ್ಲಿ, ಪ್ರಕೃತಿ ತೋರಿಸಿದ ದಾರಿಯಲ್ಲಿ ಹೋಗದೆ ಬೇರೆಯವರು ಮೊದಲೇ ಹಾಕಿಟ್ಟ ಚೌಕಟ್ಟಿಗೆ ಗಿಡಗಳನ್ನು ತುರುಕಬೇಕಾಯಿತು ಎಂದು ನೊಂದುಕೊಂಡ. ಆಕ್ಸ್‌ಫರ್ಡಿಗೆ ಆಗಷ್ಟೇ ಬಂದಿದ್ದ ಸಸ್ಯಶಾಸ್ತ್ರಜ್ಞ ರಾಬರ್ಟ್ ಮಾರಿಸನ್ ಆ ಕೋಷ್ಟಕಗಳನ್ನು ಬಹಿರಂಗವಾಗಿ ಹೀಗಳೆದ.

ಮುಂದೆ ರೇ ಬರೆದದ್ದರಲ್ಲೆಲ್ಲ ಈ ಪಾಠದ ಗುರುತಿದೆ. ಚೌಕಟ್ಟು ಮೊದಲು ಹಾಕಿ ಗಿಡ ಆಮೇಲೆ ಹುಡುಕಿದರೆ ಬಂಧುಗಳು ಚೆದುರಿಹೋಗುತ್ತಾರೆ, ಅಪರಿಚಿತರು ಒಂದೇ ಮನೆಗೆ ಬಂದು ಸೇರುತ್ತಾರೆ.

ಹೊಸ ಹೆಜ್ಜೆ ಶುರುವಾದದ್ದು ಬೀಜದಿಂದ. 1674ರಲ್ಲಿ ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಗೆ ಕಳುಹಿಸಿದ ಪ್ರಬಂಧಗಳಲ್ಲಿ ರೇ ಬೀಜ ಮೊಳೆಯುವ ಬಗೆಗಳನ್ನೂ, ಯಾವ ಭೇದವನ್ನು ಪ್ರಭೇದದ (ಸ್ಪೀಶೀಸ್) ಭೇದ ಎನ್ನಬೇಕು ಎಂಬುದನ್ನೂ ಚರ್ಚಿಸಿದ. 1682ರ ‘ಮೆಥೊಡಸ್ ಪ್ಲಾಂಟಾರಂ ನೋವಾ’ ಎಂಬ ಪುಸ್ತಕದಲ್ಲಿ ಬೀಜದೆಲೆಯ ಭೇದ ವರ್ಗೀಕರಣದೊಳಕ್ಕೆ ಬಂತು. ಬರಬರುತ್ತಾ ಅವನು ಕೊಟ್ಟ ವ್ಯಾಖ್ಯೆ ಎಷ್ಟು ಬಿಗಿಯಾಯಿತು ನೋಡಿ: ಬಿತ್ತಿದ ಬೀಜ ಎರಡು ಬೀಜದೆಲೆಗಳೊಂದಿಗೆ ನೆಲದಿಂದ ಮೇಲೆ ಬಂದರೆ ಅದು ದ್ವಿದಳ. ಎಲೆಯ ರೂಪದಲ್ಲಿ ಮೇಲೆ ಬಾರದಿದ್ದರೂ ಬೀಜ ಎರಡು ಹೋಳಾಗುವಂತಿದ್ದರೆ ಅದೂ ದ್ವಿದಳವೇ. ಈ ಎರಡನೆಯ ಮಾತು ಏಕೆ ಬೇಕಾಯಿತು ಎಂಬುದನ್ನು ನಿಮ್ಮ ತರಗತಿಯಲ್ಲೇ ತೋರಿಸಬಹುದು.

ನಾಲ್ಕು ಬಗೆಯ ಬೀಜ ಸಾಕು: ಹೆಸರುಕಾಳು 10, ಕಡಲೆ 10, ಮುಸುಕಿನ ಜೋಳ 10, ಈರುಳ್ಳಿ ಬೀಜ 30. ಕಡಲೆ ಎಂದರೆ ಸಿಪ್ಪೆಯಿರುವ ಕಂದು ಇಡಿ ಕಡಲೆ. ಬೇಳೆ ಮೊಳೆಯುವುದಿಲ್ಲ, ಏಕೆಂದರೆ ಒಡೆಯುವಾಗ ಹೋಳುಗಳ ನಡುವಿನ ಭ್ರೂಣ ಮುರಿದುಹೋಗಿರುತ್ತದೆ. ಹುರಿಗಡಲೆಯ ಭ್ರೂಣ ಬಿಸಿಗೆ ಸತ್ತಿರುತ್ತದೆ. ಈರುಳ್ಳಿ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ, ವರ್ಷ ದಾಟಿದ್ದನ್ನು ತರಬೇಡಿ. ಗುಲಾಬಿಯೋ ನೀಲಿಯೋ ಬಣ್ಣ ಹಚ್ಚಿದ ಬೀಜ ಔಷಧ ಲೇಪಿಸಿದ್ದು, ಮಕ್ಕಳ ಕೈಗೆ ಕೊಡಬಾರದು. ಹೆಸರು, ಕಡಲೆ, ಜೋಳವನ್ನು 8 ಗಂಟೆ ನೆನೆಸಿ. ಗಾಜಿನ ಲೋಟದ ಒಳಸುತ್ತಿಗೆ ಎರಡು ಪದರ ಟಿಶ್ಯೂ ಕಾಗದ ಒತ್ತಿ ಕೂರಿಸಿ. ಬೀಜಗಳನ್ನು ಗಾಜಿಗೂ ಕಾಗದಕ್ಕೂ ನಡುವೆ, ಅಂಚಿನಿಂದ 2 ಸೆಂಟಿಮೀಟರ್ ಕೆಳಗೆ ಇರಿಸಿ. ತಳದಲ್ಲಿ 1 ಸೆಂಟಿಮೀಟರ್ ನೀರು ನಿಂತರೆ ಸಾಕು, ಕಾಗದ ತಾನೇ ಹೀರಿಕೊಳ್ಳುತ್ತದೆ. ಈರುಳ್ಳಿಯನ್ನು ಮಾತ್ರ ಹಗುರ ಮಣ್ಣಿನ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಮಣ್ಣಿನ ಹಿಡಿತವಿಲ್ಲದಿದ್ದರೆ ಅದರ ಮೊಳಕೆ ತನ್ನ ನಿಜವಾದ ಆಕಾರ ತೋರುವುದಿಲ್ಲ.

ಹೆಸರುಕಾಳು ಮೂರರಿಂದ ಐದನೆಯ ದಿನಕ್ಕೆ ಎರಡು ಬೀಜದೆಲೆಗಳನ್ನು ಹೊತ್ತು ಮೇಲೇಳುತ್ತದೆ. ಕಡಲೆಯದು ಹಾಗಲ್ಲ. ಎರಡು ಹೋಳೂ ಕೆಳಗೇ ಉಳಿದು ಚಿಗುರು ಮಾತ್ರ ಮೇಲೆ ಬರುತ್ತದೆ. ಮೇಲೆ ಕಂಡದ್ದನ್ನಷ್ಟೇ ನಂಬಿದವನು ಕಡಲೆಯನ್ನು ತಪ್ಪು ಗುಂಪಿಗೆ ಹಾಕಿಬಿಡುತ್ತಿದ್ದ. ‘ಬೀಜ ಎರಡು ಹೋಳಾಗುವಂತಿದ್ದರೂ’ ಎಂದು ರೇ ಸೇರಿಸಿದ್ದು ಇಂಥ ಬೀಜಗಳಿಗಾಗಿ. ಜೋಳದ ಬೀಜದೆಲೆ ಕಾಳಿನೊಳಗೇ ಗುರಾಣಿಯಂತೆ ಅಂಟಿಕೊಂಡು ಹಿಟ್ಟನ್ನು ಹೀರುತ್ತದೆ, ಹೊರಗೆ ಬರುವುದೇ ಇಲ್ಲ. ನೆನೆದ ಕಾಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಅದು ಕಾಣುತ್ತದೆ. ಒಂಟಿ ಬೀಜದೆಲೆಯನ್ನು ನೆಲದ ಮೇಲೆ ಕಣ್ಣಾರೆ ನೋಡಬೇಕೆಂದರೆ ಈರುಳ್ಳಿಯೇ ಬೇಕು. ಏಳರಿಂದ ಹತ್ತನೆಯ ದಿನಕ್ಕೆ ಹಸಿರು ದಾರವೊಂದು ಮೊಣಕಾಲು ಮಡಚಿದಂತೆ ಬಾಗಿ ಮಣ್ಣಿನಿಂದ ಏಳುತ್ತದೆ. ಅದರ ಒಂದು ತುದಿ ಬೇರಿನಲ್ಲಿ, ಇನ್ನೊಂದು ತುದಿ ಕಪ್ಪು ಬೀಜದ ಸಿಪ್ಪೆಯೊಳಗೆ. ಮಡಚಿದ ಆ ದಾರವೇ ಬೀಜದೆಲೆ. ಎರಡು ದಿನ ಬಿಟ್ಟು ನೋಡಿದರೆ ಅದು ನೆಟ್ಟಗಾಗಿ, ಸಿಪ್ಪೆಯನ್ನು ತುದಿಯಲ್ಲಿ ಟೋಪಿಯಂತೆ ಎತ್ತಿ ನಿಂತಿರುತ್ತದೆ.

ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ನೀರು ಕಾಳಿನ ಮಟ್ಟಕ್ಕೆ ಏರಿದರೆ ಕಡಲೆ ಉಸಿರುಕಟ್ಟಿ ಎರಡು ದಿನದಲ್ಲಿ ಕೊಳೆತು ನಾರುತ್ತದೆ, ಬೂಸ್ಟು ಹಿಡಿಯುತ್ತದೆ. ನೀರನ್ನು ದಿನವೂ ಬದಲಿಸಿ. ಹೆಸರುಕಾಳಿನಲ್ಲಿ ಬೀಜದೆಲೆಗಳ ಮೇಲೆ ಮೊದಲು ಬರುವ ನಿಜವಾದ ಎಲೆಗಳೂ ಎದುರುಬದುರಾದ ಒಂದು ಜೋಡಿಯೇ. ವಾರ ಕಳೆದು ನೋಡುವ ಮಕ್ಕಳು ಅದನ್ನೇ ಬೀಜದೆಲೆ ಎಂದು ಎಣಿಸುತ್ತಾರೆ, ಅಷ್ಟರಲ್ಲಿ ಅಸಲು ಬೀಜದೆಲೆ ಸುಕ್ಕಾಗಿ ಉದುರುತ್ತಿರುತ್ತದೆ. ಆದ್ದರಿಂದ ದಿನಾ ಚಿತ್ರ ಬರೆಸಿ.

ಇನ್ನೊಂದು ಗೊಂದಲ ನಮ್ಮ ಭಾಷೆಯದೇ. ಕನ್ನಡದಲ್ಲಿ ‘ದಳ’ ಎಂದರೆ ಹೂವಿನ ಎಸಳೂ ಹೌದು, ಬೀಜದ ಹೋಳೂ ಹೌದು. ಮೇಲಾಗಿ ‘ದ್ವಿದಳ ಧಾನ್ಯ’ ಎಂದರೆ ಅಡುಗೆಮನೆಯ ತೊಗರಿ, ಕಡಲೆ, ಉದ್ದು. ಹಾಗಾಗಿ ಸಾಸಿವೆ, ಹತ್ತಿ, ಮಾವು ದ್ವಿದಳ ಸಸ್ಯ ಎಂದರೆ ಮಕ್ಕಳು ಬೆರಗಾಗುತ್ತಾರೆ. ಪಾಠದಲ್ಲಿ ‘ಬೀಜದೆಲೆ’ ಎಂಬ ಪದವನ್ನೇ ಬಳಸಿದರೆ ಈ ತೊಡಕು ಬಹುಪಾಲು ಕರಗುತ್ತದೆ. ಹಾಗೆಯೇ ಎಲೆಯ ನರ ನೋಡಿ ಏಕದಳ, ದ್ವಿದಳ ನಿರ್ಧರಿಸುವ ಅಡ್ಡದಾರಿ ಬೇಡ. ಕೆಸುವಿನ ಎಲೆಯಲ್ಲೂ ಕಾಡುಗೆಣಸಿನ ಬಳ್ಳಿಯಲ್ಲೂ ನರಗಳು ಬಲೆಯಂತಿವೆ, ಎರಡೂ ಏಕದಳ.

ರೇ ಇಲ್ಲಿ ಎಡವಿದ್ದನ್ನೂ ಮುಚ್ಚಿಡಬಾರದು. ಮರ ಮತ್ತು ಮೂಲಿಕೆ ಎಂಬ ಭೇದ ಗ್ರೀಕರ ಥಿಯೋಫ್ರಾಸ್ಟಸ್ ಕಾಲದಿಂದ ಬಂದದ್ದು. ರೇ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಮರಕ್ಕೆ ಮೊಗ್ಗುಗಳಿವೆ, ಮೂಲಿಕೆಗಿಲ್ಲ ಎಂದು ಅದಕ್ಕೆ ಆಧಾರ ಹುಡುಕಿದ. ಯುರೋಪಿನ ಚಳಿಗೆ ಎಲೆ ಉದುರಿಸಿ ಮೊಗ್ಗು ಹೊತ್ತು ನಿಲ್ಲುವ ಮರಗಳ ನಡುವೆ ಬದುಕಿದವನಿಗೆ ಅದು ಸಹಜವಾಗಿ ಕಂಡಿರಬೇಕು. ಆದರೆ ಮೊದಲ ವಿಂಗಡಣೆ ಮರ, ಮೂಲಿಕೆ ಎಂದಾದ ಕೂಡಲೇ ಬೀಜದೆಲೆಯ ಭೇದ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಮುಂದೆ ಅವನು ಮರಗಳನ್ನೂ ಒಳಗೊಳಗೇ ಏಕದಳ, ದ್ವಿದಳ ಎಂದು ಒಡೆದ. ಹೀಗೆ ತಾಳೆ ಜಾತಿಯ ಮರಗಳು ಏಕದಳದ ಕಡೆ ಬಂದವು, ಆದರೂ ಹುಲ್ಲಿನಿಂದ ದೂರವೇ ಉಳಿದವು. ತೆಂಗು ಹುಲ್ಲಿನ ಕಡೆಯದು ಎಂದು ಮಕ್ಕಳಿಗೆ ನಂಬಿಕೆ ಬರಬೇಕಾದರೆ ಮೊಳೆತ ತೆಂಗಿನಕಾಯಿ ಒಡೆದು ತೋರಿಸಿ. ಒಳಗೆ ಮೆತ್ತಗೆ, ಸಿಹಿಯಾಗಿ ಇರುವ ಬಿಳಿ ಉಂಡೆಯನ್ನು ಬೀದಿಬದಿಯಲ್ಲಿ ‘ತೆಂಗಿನ ಹೂವು’ ಎಂದು ಮಾರುತ್ತಾರಲ್ಲ, ಅದು ಹೂವಲ್ಲ. ಕಾಯಿಯ ಸತ್ವ ಹೀರಲು ಊದಿಕೊಂಡ ಒಂಟಿ ಬೀಜದೆಲೆಯ ಭಾಗ ಅದು. ಜೋಳದ ಕಾಳಿನ ಗುರಾಣಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಈ ಮರ, ಮೂಲಿಕೆ ಭೇದವನ್ನು 1690ರಲ್ಲಿ ಕಿತ್ತೆಸೆದವನು ಲೈಪ್‌ಜಿಗ್‌ನ ರಿವಿನಸ್. ಆ ವಿಚಾರದಲ್ಲಿ ರಿವಿನಸ್ ಸರಿ, ರೇ ತಪ್ಪು.

ಪ್ರಭೇದ ಎಂದರೇನು ಎಂಬ ಪ್ರಶ್ನೆಗೆ ಬರೋಣ. ರೇ ಪ್ರಭಾವ ಇಲ್ಲಿ ಇನ್ನೂ ಆಳ. ಆಗಿನ ತೋಟಗಾರರು ಹೂವಿನ ಬಣ್ಣ ಬದಲಾದರೆ, ಎಸಳು ಇಮ್ಮಡಿಯಾದರೆ, ಎಲೆಯಲ್ಲಿ ಚುಕ್ಕೆ ಬಂದರೆ ಹೊಸ ಗಿಡ ಎಂದು ಹೆಸರಿಟ್ಟು ಮಾರುತ್ತಿದ್ದರು. ಪಟ್ಟಿಗಳು ಸುಮ್ಮನೆ ಬೆಳೆಯುತ್ತಿದ್ದವು. ಗಾತ್ರ, ವಾಸನೆ, ರುಚಿ, ಹೂವಿನ ಬಣ್ಣ, ಎಲೆಯ ಚುಕ್ಕೆ, ಸುತ್ತುಹೂ ಇವು ಯಾವುವೂ ಪ್ರಭೇದವನ್ನು ಬೇರ್ಪಡಿಸುವ ಆಧಾರವಲ್ಲ ಎಂದು ರೇ 1674ರಲ್ಲೇ ವಾದಿಸಿದ. 1686ರಲ್ಲಿ ‘ಹಿಸ್ಟೋರಿಯಾ ಪ್ಲಾಂಟಾರಂ’ ಮೊದಲ ಸಂಪುಟದಲ್ಲಿ ಒರೆಗಲ್ಲನ್ನೇ ಕೊಟ್ಟ: ಬೀಜದಿಂದ ಬೀಜಕ್ಕೆ ತಪ್ಪದೆ ಇಳಿದುಬರುವ ಭೇದವೇ ಪ್ರಭೇದದ ಭೇದ. ಒಂದೇ ಗಿಡದ ಬೀಜದಿಂದ ಹುಟ್ಟಿದವು ಎಷ್ಟೇ ಬೇರೆಯಾಗಿ ಕಂಡರೂ ಒಂದೇ ಪ್ರಭೇದ. ಪ್ರಭೇದಕ್ಕೆ ವಂಶದ ಆಧಾರ ಕೊಟ್ಟ ಮೊದಲ ಸ್ಪಷ್ಟ ಮಾತುಗಳಲ್ಲಿ ಇದೊಂದು. ಕಣ್ಣಿಗೆ ಕಂಡ ಹೋಲಿಕೆಯಿಂದ ಹುಟ್ಟಿನ ಸಂಬಂಧಕ್ಕೆ ವಿಚಾರ ಹೊರಳಿದ್ದು ಇಲ್ಲಿ.

ಆ ಒರೆಗಲ್ಲಿಗೂ ಮಿತಿಯಿದೆ ಎಂದು ರೇ ಅಲ್ಲೇ ಬರೆದ, ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಲಂಡನ್ ಬಳಿಯ ಬ್ರೆಂಟ್‌ಫರ್ಡಿನ ತೋಟಗಾರನೊಬ್ಬ ಹೂಕೋಸಿನ ಬೀಜ ಎಂದು ಮಾರಿದ್ದನ್ನು ಬಿತ್ತಿದರೆ ಉದ್ದೆಲೆಯ ಸಾಮಾನ್ಯ ಕೋಸು ಬಂತು. ಕೊಂಡವರು ನ್ಯಾಯಾಲಯಕ್ಕೆ ಹೋಗಿ ಪರಿಹಾರ ಪಡೆದರು. ಇಂಥ ಪ್ರಸಂಗಗಳಿಂದಾಗಿ, ಈ ಲಕ್ಷಣ ಬಹುಮಟ್ಟಿಗೆ ಸ್ಥಿರವಾದರೂ ಎಂದೂ ತಪ್ಪದ್ದಲ್ಲ ಎಂಬ ಮಾತನ್ನು ರೇ ಸೇರಿಸಿದ. ಹೂಕೋಸು, ಎಲೆಕೋಸು, ನವಿಲುಕೋಸು ಎಲ್ಲವೂ ಒಂದೇ ಪ್ರಭೇದದ ತಳಿಗಳು ಎಂಬುದು ಇಂದು ಗೊತ್ತು. ಅಕ್ಕಪಕ್ಕ ಹೂಬಿಟ್ಟರೆ ಪರಾಗ ಬೆರೆಯುತ್ತದೆ. ಅಂದರೆ ರೇ ಅಪವಾದ ಎಂದುಕೊಂಡದ್ದು ಅವನ ನಿಯಮವನ್ನೇ ಎತ್ತಿಹಿಡಿಯುವ ಉದಾಹರಣೆ.

ಶಾಲೆಯಂಗಳದಲ್ಲಿ ಈ ಒರೆಗಲ್ಲನ್ನು ಪರೀಕ್ಷಿಸಲು ಸಂಜೆಮಲ್ಲಿಗೆ ಸಾಕು. ಒಂದೇ ಗಿಡದಲ್ಲಿ ಪಟ್ಟೆಹೂ ಅಥವಾ ಎರಡು ಬಣ್ಣ ಬೆರೆತ ಹೂ ಬಿಡುವ ಗಿಡವನ್ನು ಆರಿಸಿ, ಅದೊಂದರಿಂದಲೇ ಕಪ್ಪು ಬೀಜ 20 ಆಯ್ದು, ಕಾಗದದ ಪೊಟ್ಟಣದಲ್ಲಿ ತಾಯಿಗಿಡದ ಹೂವಿನ ಬಣ್ಣ ಬರೆದಿಡಿ. ಒಂದೂವರೆ ಸೆಂಟಿಮೀಟರ್ ಆಳಕ್ಕೆ, ಒಂದಡಿ ಅಂತರದಲ್ಲಿ ಬಿತ್ತಿ. ಎರಡು, ಮೂರು ತಿಂಗಳಿಗೆ ಹೂ ಬರುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಹಳದಿ, ಗುಲಾಬಿ, ಪಟ್ಟೆ ಎಲ್ಲ ಕಾಣಿಸಿದಾಗ ‘ಬಣ್ಣ ನಂಬಬೇಡ’ ಎಂಬ ರೇ ಮಾತನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಅಪ್ಪಟ ಹಳದಿ ತಳಿಯ ಬೀಜ ತಂದರೆ ಎಲ್ಲವೂ ಹಳದಿಯೇ ಬಂದು ಪಾಠ ಕೈತಪ್ಪುತ್ತದೆ. ಈ ಗಿಡಕ್ಕೆ ಗಡ್ಡೆಯೂ ಇದೆ. ಹಳೆಯ ಗಡ್ಡೆ ಉಳಿದ ಮಡಿಯಲ್ಲಿ ಬಿತ್ತಿದರೆ ಗಡ್ಡೆಯಿಂದ ಚಿಗುರಿದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಹೊಸ ಮಡಿ ಮಾಡಿ.

ಪ್ರಭೇದದಿಂದ ಮೇಲಿನ ಗುಂಪುಗಳಲ್ಲಿ ರೇ ದಾರಿ ಇನ್ನೂ ವಿಶಿಷ್ಟ. ಅವನ ಸಮಕಾಲೀನರು ಒಂದೊಂದು ಅಂಗ ಹಿಡಿದು ಹೊರಟಿದ್ದರು. ಮಾರಿಸನ್‌ಗೆ ಹಣ್ಣು ಮುಖ್ಯ, ರಿವಿನಸ್‌ಗೂ ಪ್ಯಾರಿಸಿನ ಟೂರ್ನ್‌ಫೋರ್‌ಗೂ ಹೂವಿನ ಎಸಳು ಮುಖ್ಯ. ರೇ ಹೂ, ಹಣ್ಣು, ಬೀಜ, ಹೂಬಟ್ಟಲು (ಎಸಳುಗಳ ಕೆಳಗಿನ ಹಸಿರು ಬಟ್ಟಲು), ಎಲೆ ಕೂತ ಬಗೆ ಎಲ್ಲವನ್ನೂ ಕೂಡಿಸಿ ನೋಡುತ್ತಿದ್ದ. ತುಳಸಿ ಹಿಡಿದು ಇದನ್ನು ತೋರಿಸಬಹುದು. ಎಳೆಯ ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ತಗಲುತ್ತವೆ (ಬಲಿತ, ಕಟ್ಟಿಗೆಯಾದ ಬುಡದಲ್ಲಿ ನೋಡಿದರೆ ದುಂಡಾಗಿಯೇ ಇರುತ್ತದೆ). ಎಲೆಗಳು ಎದುರುಬದುರು. ಹೂಗಳು ದಂಡಿನ ಸುತ್ತ ಅಂತಸ್ತು ಅಂತಸ್ತಾಗಿ ಕೂತಿವೆ. ಹೂವಿಗೆ ತುಟಿಗಳಿವೆ. ಕೆಳಗಿನ ಒಣಗಿದ ಹೂಬಟ್ಟಲನ್ನು ಬಿಳಿ ಕಾಗದದ ಮೇಲೆ ಉಜ್ಜಿದರೆ ನಾಲ್ಕು ಬೀಜ ಬೀಳುತ್ತವೆ. ಕೆಲವೊಮ್ಮೆ ಒಂದೆರಡು ಜೊಳ್ಳಾಗಿರುತ್ತವೆ, ಹಾಗಾಗಿ ಹತ್ತು ಬಟ್ಟಲು ಬಿಡಿಸಿ ಎಣಿಸಬೇಕು. ಹತ್ತುಪಟ್ಟು ಹಿಗ್ಗಿಸುವ ಕೈಮಸೂರ ಇದ್ದರೆ ಒಳ್ಳೆಯದು.

ಇದರ ಪಕ್ಕದಲ್ಲಿ ಬಯಲಲ್ಲಿ ಬೆಳೆಯುವ ಹೆಲಿಯೋಟ್ರೋಪಿಯಂ ಇಡಿ. ಅದರ ಹೂಗೊಂಚಲು ಚೇಳಿನ ಬಾಲದಂತೆ ಸುರುಳಿಯಾಗಿರುತ್ತದೆ. ಅದರ ಕಾಯಿಯೂ ಬಲಿತಾಗ ನಾಲ್ಕಾಗಿ ಒಡೆಯುತ್ತದೆ. ನಾಲ್ಕು ಬೀಜ ಎಂಬ ಒಂದೇ ಲಕ್ಷಣ ಹಿಡಿದರೆ ಎರಡೂ ಒಂದೇ ಗುಂಪು. ಆದರೆ ಇದರ ಕಾಂಡಕ್ಕೆ ತುಳಸಿಯ ಮೂಲೆಗಳಿಲ್ಲ, ಹೆಚ್ಚಿನ ಎಲೆಗಳು ಒಂದಾದ ಮೇಲೊಂದು ಬರುತ್ತವೆ, ಮೈ ದೊರಗು, ಹೂವಿಗೆ ತುಟಿಯಿಲ್ಲ. ರೇ ತುಳಸಿಯ ಬಳಗವನ್ನೂ ದೊರಗೆಲೆಯ ಬಳಗವನ್ನೂ ಬೇರೆಬೇರೆಯಾಗಿಯೇ ಇಟ್ಟ. ಇಂದಿನ ಲ್ಯಾಮಿಯೇಸಿ, ಬೊರ‍್ಯಾಜಿನೇಸಿ ಕುಟುಂಬಗಳು ಬಹುಮಟ್ಟಿಗೆ ಅವೇ. ಕೊಡೆಹೂಗಳ ಗುಂಪು (ಕೊತ್ತಂಬರಿ, ಜೀರಿಗೆ), ಸಾಸಿವೆಯ ಗುಂಪು, ಅವರೆಯಂಥ ಚಿಟ್ಟೆಹೂಗಳ ಗುಂಪು ಅವನಲ್ಲಿ ಹಾಗೆಯೇ ಗುರುತು ಸಿಗುತ್ತವೆ.

ಟೂರ್ನ್‌ಫೋರ್ 1694ರಲ್ಲಿ ರೇ ವಿಧಾನವನ್ನು ಟೀಕಿಸಿದ. ರೇ 1696ರಲ್ಲಿ ಉತ್ತರ ಬರೆದ. ಆ ವಾದವೆಲ್ಲ ಹರಳುಗಟ್ಟಿದ್ದು 1703ರ ಪರಿಷ್ಕೃತ ಮೆಥೊಡಸ್‌ನಲ್ಲಿ. ಅಲ್ಲಿ ಅವನು ಕೊಟ್ಟ ಆರು ನಿಯಮಗಳ ತಿರುಳು ಇಷ್ಟು: ಹೆಸರುಗಳನ್ನು ಸಾಧ್ಯವಾದಷ್ಟು ಬದಲಿಸಬೇಡಿ, ಗೊಂದಲವಾಗುತ್ತದೆ. ಲಕ್ಷಣ ಸ್ಪಷ್ಟವಾಗಿರಲಿ, ‘ಅದಕ್ಕಿಂತ ದೊಡ್ಡದು’ ಎಂಬಂಥ ಹೋಲಿಕೆಯ ಮೇಲೆ ನಿಲ್ಲದಿರಲಿ. ಯಾರು ಬೇಕಾದರೂ ಸುಲಭವಾಗಿ ನೋಡುವಂಥದ್ದಾಗಿರಲಿ. ಬಹುತೇಕ ಎಲ್ಲ ಸಸ್ಯಜ್ಞರೂ ಒಪ್ಪಿದ ಗುಂಪುಗಳನ್ನು ಕೆಡಿಸಬೇಡಿ. ಬಂಧುಗಳನ್ನು ಬೇರ್ಪಡಿಸಬೇಡಿ, ಪರಕೀಯರನ್ನು ಕೂಡಿಸಬೇಡಿ. ಬೇಕಾದದ್ದಕ್ಕಿಂತ ಹೆಚ್ಚು ಲಕ್ಷಣ ಪೇರಿಸಬೇಡಿ. ಐದನೆಯ ನಿಯಮ ವಿಲ್ಕಿನ್ಸ್ ಕೋಷ್ಟಕದ ಪಾಠವೇ ಅಲ್ಲವೇ? ಜೊತೆಗೆ, ಪ್ರಕೃತಿ ಒಂದು ತುದಿಯಿಂದ ಇನ್ನೊಂದಕ್ಕೆ ಹಾರುವುದಿಲ್ಲ, ನಡುನಡುವೆ ಎರಡೂ ಕಡೆ ಸಲ್ಲುವ ಗಿಡಗಳನ್ನು ಇಟ್ಟಿರುತ್ತದೆ, ಆದ್ದರಿಂದ ಯಾವ ವಿಧಾನವೂ ಸಂಪೂರ್ಣವಾಗದು ಎಂದು 1682ರಲ್ಲೇ ಅವನು ಮುನ್ನುಡಿಯಲ್ಲಿ ಹೇಳಿದ್ದ.

ಹೀಗಿದ್ದೂ ಕೀರ್ತಿ ಲಿನೇಯಸ್‌ಗೆ ಹೋಯಿತೇಕೆ? ಬಳಕೆಯ ಸುಲಭ ಒಂದು ಕಾರಣ. ಹಿಸ್ಟೋರಿಯಾದ ಮೂರು ಸಂಪುಟಗಳು (1686, 1688, 1704) ಸುಮಾರು 18,000 ಗಿಡಗಳನ್ನು ಹಿಡಿದಿಟ್ಟವು, ಆದರೆ ಹಣವಿಲ್ಲದೆ ಒಂದು ಚಿತ್ರವನ್ನೂ ಹಾಕಲಾಗಲಿಲ್ಲ. ಹೆಸರುಗಳೂ ಉದ್ದುದ್ದ. ಆಗಿನ ಪದ್ಧತಿಯಲ್ಲಿ ಹೆಸರೆಂದರೆ ಒಂದು ವರ್ಣನೆ. ಲಿನೇಯಸ್ ಕೂಡ ಒಂದು ಗಿಡವನ್ನು ‘ಮೊಟ್ಟೆಯಾಕಾರಕ್ಕೂ ಭರ್ಜಿಯಾಕಾರಕ್ಕೂ ನಡುವಿನ, ನವಿರುಗೂದಲಿನ ಎಲೆಯ, ಉರುಳೆಯಾಕಾರದ ತೆನೆಯ, ದುಂಡು ದಂಡಿನ ಪ್ಲಾಂಟಾಗೊ’ ಎಂದೇ ಬರೆಯುತ್ತಿದ್ದ. 1753ರಲ್ಲಿ ಅದರ ಪಕ್ಕಕ್ಕೆ ‘ಪ್ಲಾಂಟಾಗೊ ಮೀಡಿಯಾ’ ಎಂಬ ಎರಡೇ ಪದ ಇಟ್ಟ, ಜಗತ್ತು ಅದನ್ನೇ ಹಿಡಿಯಿತು. ಗಿಡ ಹುಡುಕಲು ಅವನು 1735ರಲ್ಲಿ ಕೊಟ್ಟ 24 ವರ್ಗಗಳ ಕೀಲಿಕೈಯೂ ಅಷ್ಟೇ ಸರಳ. ಬಹುಪಾಲು ಕೇಸರ (ಪರಾಗ ಹೊರುವ ಎಳೆ) ಎಣಿಸಿದರೆ ಸಾಕು. ಆದರೆ ಆ ಎಣಿಕೆಯಲ್ಲಿ ಎರಡು ಕೇಸರ ಎಂಬ ಕಾರಣಕ್ಕೆ ಮಲ್ಲಿಗೆ, ಕರಿಮೆಣಸು, ಸಾಲ್ವಿಯಾ ಒಂದೇ ವರ್ಗಕ್ಕೆ ಬಂದವು. ಸಾಲ್ವಿಯಾದ ಸ್ವಂತ ನೆಂಟ ತುಳಸಿ ಬೇರೆ ವರ್ಗಕ್ಕೆ ಹೋಯಿತು. ಬಂಧುಗಳೇ ಆದ ಅವರೆ ಒಂದೆಡೆ, ತಂಗಡಿ ಇನ್ನೊಂದೆಡೆ, ಜಾಲಿ ಮತ್ತೊಂದೆಡೆ ಚೆದುರಿದವು. ಇದು ಹುಡುಕುವ ಕೀಲಿಕೈ ಮಾತ್ರ, ಸಹಜ ವರ್ಗೀಕರಣವೇ ಸಸ್ಯಶಾಸ್ತ್ರದ ಕೊನೆಯ ಗುರಿ ಎಂದು ಲಿನೇಯಸ್ ತಾನೇ ಒಪ್ಪಿದ್ದ.

ಆ ಗುರಿಯತ್ತ ಹೊರಟವರು ರೇ ದಾರಿಗೆ ಮರಳಿದರು. 1789ರಲ್ಲಿ ಪ್ಯಾರಿಸಿನ ಆಂಟ್ವಾನ್ ಲೊರಾನ್ ದ ಜುಸ್ಯೂ 100 ಕುಟುಂಬಗಳನ್ನು ಜೋಡಿಸಿದಾಗ ಎಲ್ಲಕ್ಕಿಂತ ಮೊದಲ ಮೆಟ್ಟಿಲಿಗೆ ಇಟ್ಟದ್ದು ಬೀಜದೆಲೆಯನ್ನು: ಇಲ್ಲದವು, ಒಂದಿರುವವು, ಎರಡಿರುವವು. ರೇ ಕೆಳಮೆಟ್ಟಿಲಿಗೆ ಇಳಿಸಿದ್ದ ಭೇದ ತುದಿಗೇರಿತು. ಅಲ್ಲಿಂದ ಇಂಗ್ಲೆಂಡಿನ ಸಸ್ಯಜ್ಞರಾದ ಬೆಂಥಮ್ ಮತ್ತು ಹೂಕರ್ (1862–1883) ಪದ್ಧತಿಗೆ, ಅಲ್ಲಿಂದ ಭಾರತದ ಸಸ್ಯಗ್ರಂಥಗಳಿಗೆ ಅದು ಬಂತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ, ಧಾರವಾಡ, ಬೆಳಗಾವಿಯ ಗಿಡಗಳನ್ನು ಕುಕ್, ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದ ಗಿಡಗಳನ್ನು ಗ್ಯಾಂಬಲ್ ಜೋಡಿಸಿದ್ದು ಆ ಕ್ರಮದಲ್ಲೇ. ನಮ್ಮ ಕಡೆಯ ಗಿಡಗಳಿಗೂ ರೇಗೂ ಇನ್ನೂ ಹಳೆಯ ನಂಟೊಂದಿದೆ. ಕೊಚ್ಚಿಯಲ್ಲಿ ಮಲೆಯಾಳಿ ಮತ್ತು ಕೊಂಕಣಿ ವೈದ್ಯರ ನೆರವಿನಿಂದ ತಯಾರಾಗಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟವಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಗಿಡಗಳನ್ನು ರೇ ತನ್ನ ಹಿಸ್ಟೋರಿಯಾಕ್ಕೆ ಸೇರಿಸಿಕೊಂಡಿದ್ದ. ಯುರೋಪು ದಾಟದವನಿಗೆ ಇಲ್ಲಿನ ಗಿಡಗಳ ವಿಚಾರದಲ್ಲಿ ಬರೆಹ, ಚಿತ್ರಗಳೇ ಕಣ್ಣು.

ಕೊನೆಯದಾಗಿ, ಚುರುಕಾದ ವಿದ್ಯಾರ್ಥಿಯೊಬ್ಬರು ‘ಈಗ ದ್ವಿದಳ ಎಂಬ ಗುಂಪೇ ಇಲ್ಲವಂತೆ’ ಎಂದು ಕೇಳಿಯಾರು. ಡಿಎನ್ಎ ಆಧಾರದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ಸಸ್ಯಜ್ಞರ ತಂಡದ) ಪದ್ಧತಿ (ಮೊದಲ ಆವೃತ್ತಿ 1998, ನಾಲ್ಕನೆಯದು 2016) ಏಕದಳಗಳನ್ನು ಒಂದೇ ವಂಶ ಎಂದು ಉಳಿಸಿಕೊಂಡಿದೆ. ದ್ವಿದಳಗಳು ಮಾತ್ರ ಒಂದೇ ಕವಲಿನವಲ್ಲ. ಸಂಪಿಗೆ, ಸೀತಾಫಲ, ದಾಲ್ಚಿನ್ನಿ, ಕರಿಮೆಣಸು, ವೀಳ್ಯದೆಲೆ ಇವಕ್ಕೆಲ್ಲ ಎರಡು ಬೀಜದೆಲೆ ಇದ್ದರೂ ಅವರೆ, ಸಾಸಿವೆಗಳಿರುವ ದೊಡ್ಡ ಕವಲಿಗೆ ಸೇರದೆ ಬೇರೆಯಾಗಿ ನಿಲ್ಲುತ್ತವೆ. ಕೆರೆಯಲ್ಲಿ ಜೊತೆಯಾಗಿ ಅರಳುವ ತಾವರೆಯೂ ನೈದಿಲೆಯೂ ಬೆಂಥಮ್ ಹೂಕರ್‌ನಲ್ಲಿ ಒಂದೇ ಕುಟುಂಬ. ಈಗ ತಾವರೆ ಆ ದೊಡ್ಡ ಕವಲಿನೊಳಗೆ, ನೈದಿಲೆ ಹೂಗಿಡಗಳ ವಂಶವೃಕ್ಷದ ಬುಡದ ಹತ್ತಿರ. ಪರೀಕ್ಷೆಯಲ್ಲಿ ಪಠ್ಯ ಕೇಳಿದಂತೆ ದ್ವಿದಳ ಎಂದೇ ಬರೆಯಲಿ. ತರಗತಿಯಲ್ಲಿ ಮಾತ್ರ ತಾವರೆಯದೊಂದು, ನೈದಿಲೆಯದೊಂದು ಹೂ ತರಿಸಿ, ನಡುವಿನ ಕಾಯಿಭಾಗ ಬಿಡಿಸಿ ತೋರಿಸಿ. ತಾವರೆಯಲ್ಲಿ ಬೀಜಗಳು ಜಲ್ಲಡಿಯಂಥ ಪೀಠದ ಕುಳಿಗಳಲ್ಲಿ ಒಂದೊಂದಾಗಿ ಕೂತಿರುತ್ತವೆ. ನೈದಿಲೆಯಲ್ಲಿ ಕೋಶಗಳು ಕೂಡಿಕೊಂಡು ಒಂದೇ ಕಾಯಿಯಾಗಿ, ಒಳಗೆ ಸಣ್ಣ ಬೀಜಗಳು ರಾಶಿಯಾಗಿರುತ್ತವೆ. ಎರಡನ್ನೂ ಒಂದೇ ಕುಟುಂಬಕ್ಕೆ ಹಾಕುತ್ತೀರಾ ಎಂದು ಮಕ್ಕಳನ್ನೇ ಕೇಳಿ, ಯಾವ ಲಕ್ಷಣ ನೋಡಿ ಹಾಗೆ ಹೇಳಿದಿರಿ ಎಂದು ಬರೆಸಿ.